ಶೇಡಪ್ಪನ ತಲೆಯ ಅಸಲಿ ಬಣ್ಣ

ನಮ್ಮವರ ಕೂದಲಿನ ಹುಟ್ಟುಬಣ್ಣ ಯಾವುದು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದದ್ದು ಒಂದು ಮಂಗಳವಾರ ಸಂಜೆ, ನಾನು ಒಣಗಿದ ಬಟ್ಟೆ ಮಡಚುತ್ತಿದ್ದಾಗ. ಅದು ಇತ್ಯರ್ಥವಾಗುವಷ್ಟರಲ್ಲಿ ಎರಡು ಟವೆಲು, ಮೂರು ದಿಂಬಿನ ಚೀಲ, ಬಚ್ಚಲಿನ ಒಂದು ಬಕೆಟ್ಟು ಮತ್ತು ಹದಿನಾರು ಸಾವಿರ ಬಣ್ಣ ಬಲ್ಲ ಒಂದು ಯಂತ್ರದ ಮರ್ಯಾದೆ ಹಾಳಾಗಿದ್ದವು. ಟವೆಲುಗಳನ್ನು ನೆಲ ಒರೆಸಲು ಇಟ್ಟುಕೊಂಡಿದ್ದೇನೆ.

ನಮ್ಮವರು ಬಣ್ಣದ ಅಂಗಡಿಯಲ್ಲಿ ಶೇಡು ಬೆರೆಸುವವರು. ಗೋಡೆಯಿಂದ ಎದ್ದ ಉಗುರಿನಷ್ಟು ಚಕ್ಕೆ ತಂದುಕೊಟ್ಟರೆ ಸಾಕು. ಅದನ್ನು ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು, ಒಮ್ಮೆ ಮೂಸಿ (ಮೂಸುವುದು ಯಾಕೆ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ), ಬಿಳಿ ಬಣ್ಣದ ಡಬ್ಬಕ್ಕೆ ಇಷ್ಟು ಹಳದಿ, ಇಷ್ಟು ಕಪ್ಪು, ಒಂದು ತೊಟ್ಟು ಕೆಂಪು ಎಂದು ಸುರಿದು, ಕೋಲಿನಲ್ಲಿ ಕದಡಿ, ಎಡಗೈ ಹೆಬ್ಬೆರಳಿನ ಉಗುರಿಗೆ ಹಚ್ಚಿಕೊಂಡು ಊದುತ್ತಾರೆ. ಗಿರಾಕಿ ಇಣುಕಿ ನೋಡಿ "ಸ್ವಲ್ಪ ತಿಳಿ ಆಯ್ತಲ್ವಾ?" ಎಂದರೆ, "ಒಣಗಲಿ, ಆಮೇಲೆ ಮಾತಾಡಿ" ಎನ್ನುತ್ತಾರೆ. ಹಸಿ ಬಣ್ಣ ಸುಳ್ಳು ಹೇಳುತ್ತದೆ, ಒಣಗಿದ ಬಣ್ಣವೇ ನಿಜ ಎಂಬುದು ಅವರ ಸಿದ್ಧಾಂತ. ಮಗಳ ಪರೀಕ್ಷೆಯ ಫಲಿತಾಂಶಕ್ಕೂ, ನನ್ನ ಸಿಟ್ಟಿಗೂ ಅವರು ಇದೇ ಸಿದ್ಧಾಂತವನ್ನು ಅನ್ವಯಿಸುತ್ತಾರೆ.

ಬೀದಿಯವರೆಲ್ಲ ಅವರನ್ನು ಕರೆಯುವುದು ಶೇಡಪ್ಪ ಎಂದು. ಅವರ ನಿಜವಾದ ಹೆಸರಿಗೆ ಬಂದ ಪತ್ರಗಳು ಎರಡು ಸಲ 'ಇಂಥವರು ಇಲ್ಲಿಲ್ಲ' ಎಂದು ವಾಪಸು ಹೋಗಿವೆ. ನಮ್ಮ ಮನೆ ಹುಡುಕುವುದು ಮಾತ್ರ ಸುಲಭ. ಬಾಗಿಲ ಪಕ್ಕದ ಗೋಡೆಯ ತುಂಬ ಅಂಗೈಯಗಲದ ಬಣ್ಣದ ಚೌಕಗಳಿವೆ. ಕಷ್ಟದ ಶೇಡು ಯಾವುದನ್ನು ಗೆದ್ದರೂ ಉಳಿದ ಬಣ್ಣ ತಂದು ಅಲ್ಲಿ ಒಂದು ಚೌಕ ಬಳಿಯುತ್ತಾರೆ. ಬೇರೆ ಗಂಡಸರು ಪದಕ ತೂಗುಹಾಕುತ್ತಾರೆ.

ಆ ಮಂಗಳವಾರ ಅವರು ಚಪ್ಪಲಿ ಬಿಡದೆ ಒಳಗೆ ಬಂದು ಕುಳಿತರು. ಅಷ್ಟರಲ್ಲೇ ಏನೋ ಆಗಿದೆ ಎಂದು ನನಗೆ ಗೊತ್ತಾಯಿತು.

"ಅಂಗಡಿಗೆ ಮೆಷಿನ್ ಬರ್ತಿದೆ ಕಣೆ" ಎಂದರು. "ಶೇಡ್ ಹಿಡಿಯೋ ಮೆಷಿನ್. ಅದಕ್ಕೆ ಕಣ್ಣಿದೆಯಂತೆ. ಏನು ಇಟ್ರೂ ನೋಡಿ, ಅದೇ ಲೆಕ್ಕ ಹಾಕಿ, ಅದೇ ಸುರ್ಕೊಂಡು, ಅದೇ ಕಲಸುತ್ತಂತೆ."

"ಊದುತ್ತಂತಾ?" ಎಂದಳು ಮಗಳು, ಪುಸ್ತಕದಿಂದ ತಲೆ ಎತ್ತದೆ. ಕಾಲೇಜಿನಲ್ಲಿ ಎರಡನೇ ವರ್ಷ ಅವಳು. ತಲೆ ಎತ್ತದೆ ಮಾತಾಡುವುದನ್ನು ಅಲ್ಲಿ ಚೆನ್ನಾಗಿ ಕಲಿಸಿದ್ದಾರೆ.

"ಶನಿವಾರ ಪರೀಕ್ಷೆ. ಸಾಹುಕಾರ್ರು ಎಲ್ಲರ ಎದುರಿಗೆ ಒಂದು ಸ್ಯಾಂಪಲ್ ಕೊಡ್ತಾರೆ. ನಾನೂ ಬೆರೆಸ್ಬೇಕು, ಅದೂ ಬೆರೆಸುತ್ತೆ. ಅದು ಗೆದ್ರೆ ಕೌಂಟರಿಗೆ ಅದು, ಗೋದಾಮಿಗೆ ನಾನು."

ಗೋದಾಮು ನಾನು ನೋಡಿದ್ದೇನೆ. ಗೋಡೆಗೆ ಮೆತ್ತುವ ಪುಟ್ಟಿಯ ಮೂಟೆಗಳನ್ನು ಸೂರಿನವರೆಗೆ ಪೇರಿಸಿಟ್ಟಿರುವ, ಒಂದೂ ಕಿಟಕಿಯಿಲ್ಲದ ಜಾಗ. ಅಲ್ಲಿ ಎಲ್ಲದಕ್ಕೂ ಒಂದೇ ಬಣ್ಣ. ಇಪ್ಪತ್ತಾರು ವರ್ಷ ಬಿಸಿಲಿಗೆ ಚಕ್ಕೆ ಹಿಡಿದು ನೋಡಿದ ಮನುಷ್ಯ ಅಲ್ಲಿ ಕೂತರೆ ಏನಾಗುತ್ತಾನೆ ಎಂದು ನನಗೆ ಸಂಕಟವಾಯಿತು. ಆದರೆ ಅವರ ಸಂಕಟ ಬೇರೆಯೇ ಇತ್ತು.

"ಆ ಮೆಷಿನ್ ಕಂಪನಿಯವನು, ಮೀಸೆ ಕೂಡ ಸರಿಯಾಗಿ ಬಂದಿಲ್ಲ ಅವನಿಗೆ, ನನ್ನ ನೋಡಿ ಏನಂದ ಗೊತ್ತಾ? 'ಅಜ್ಜಾ, ಸ್ವಲ್ಪ ಹಿಂದೆ ನಿಂತ್ಕೊಳ್ಳಿ, ವೈರ್ ಇದೆ' ಅಂದ. ಅಜ್ಜಾ! ಇಷ್ಟು ಕಪ್ಪು ಕೂದಲು ಇಟ್ಕೊಂಡಿರೋನಿಗೆ!"

ಮಗಳು ಈಗ ತಲೆ ಎತ್ತಿದಳು. "ಅಪ್ಪ, ಅಷ್ಟು ಕಪ್ಪು ಕೂದಲು ಇರೋದು ವಯಸ್ಸಾದವರಿಗೆ ಮಾತ್ರ."

ನಮ್ಮವರು ಎದ್ದುಹೋಗಿ ಕನ್ನಡಿಯ ಮುಂದೆ ನಿಂತರು. ಇಪ್ಪತ್ತೇಳನೇ ವಯಸ್ಸಿನಲ್ಲಿ, ನಮ್ಮ ಮದುವೆಗೆ ವಾರವಿದ್ದಾಗ ಕಿವಿಯ ಪಕ್ಕ ಎರಡು ಬಿಳಿ ಕೂದಲು ಕಂಡವಂತೆ. ಅವತ್ತು ಹಚ್ಚಿದ ಡೈ ಇವತ್ತಿನವರೆಗೂ ನಿಂತಿಲ್ಲ. ಈಗ ಅವರಿಗೆ ಐವತ್ತೊಂದು. ಅಷ್ಟೂ ವರ್ಷ, ಮೂರು ವಾರಕ್ಕೊಂದು ಭಾನುವಾರ, ಹಿತ್ತಲಲ್ಲಿ ಸ್ಟೂಲಿನ ಮೇಲೆ ಅವರನ್ನು ಕೂರಿಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಬುಡಬುಡಕ್ಕೆ ಡೈ ಹಚ್ಚುವವಳು ನಾನೇ. ನಾನೂರು ಸಲವಾದರೂ ಹಚ್ಚಿದ್ದೇನೆ.

"ಹಂಗಾದ್ರೆ ಮುಗೀತು" ಎಂದರು ಕನ್ನಡಿಯ ಕಡೆಯಿಂದ. "ಇನ್ನು ಡೈ ಇಲ್ಲ. ನಾನು ಹುಟ್ಟುಬಣ್ಣಕ್ಕೆ ವಾಪಸ್ ಹೋಗ್ತೀನಿ. ಶನಿವಾರದ ಒಳಗೆ."

"ಅದಕ್ಕೇನು, ಸುಮ್ನೆ ಬಿಟ್ರಾಯ್ತು, ತಾನಾಗಿ ಬರುತ್ತೆ" ಎಂದೆ.

"ಸುಮ್ನೆ ಬಿಟ್ರೆ ಬಿಳಿ ಬರುತ್ತೆ. ಬಿಳಿ ಹುಟ್ಟುಬಣ್ಣ ಅಲ್ಲ ಕಣೆ, ಅದು ಬಣ್ಣ ಹೋದ ಮೇಲೆ ಕಾಣೋ ಪ್ರೈಮರು. ನನಗೆ ಬೇಕಾಗಿರೋದು ಒರಿಜಿನಲ್ ಕೋಟ್. ಅದು ಯಾವುದಿತ್ತು ಅಂತ ಗೊತ್ತಾದ್ರೆ ಬೆರೆಸೋದು ನನ್ನ ಕೆಲಸ. ಸ್ಯಾಂಪಲ್ ಬೇಕು ಅಷ್ಟೇ."

ನಾನು ಬಾಯಿ ತೆರೆದೆ. ಕುಕ್ಕರು ಕೂಗಿತು. ನಾನು ಒಳಗೆ ಹೋದೆ.

ಬುಧವಾರ ಅಂಗಡಿಗೆ ವಾರದ ರಜೆ, ದಿನವಿಡೀ ಸ್ಯಾಂಪಲಿನ ಹುಡುಕಾಟ ನಡೆಯಿತು. ಮದುವೆಯ ಫೋಟೋ ಉಪಯೋಗಕ್ಕೆ ಬರಲಿಲ್ಲ, ಅದರಲ್ಲಿದ್ದದ್ದು ಮೊದಲನೇ ಡೈ. ಶಾಲೆಯ ಗುಂಪು ಫೋಟೋದಲ್ಲಿ ಅವರ ತಲೆ ಇನ್ನೊಬ್ಬ ಹುಡುಗನ ಕಿವಿಯ ಹಿಂದಿತ್ತು. ಆ ಕಿವಿ ಮಾತ್ರ ಬಹಳ ಸ್ಪಷ್ಟವಾಗಿತ್ತು. ಕೊನೆಗೆ ಅತ್ತೆಯ ಹತ್ತಿರ ಹೋದರು. ಅತ್ತೆಗೆ ಎಂಬತ್ತಕ್ಕೆ ಎರಡು ಕಡಿಮೆ. ನಿನ್ನೆ ಏನು ತಿಂದರು ಎಂಬುದು ನೆನಪಿರುವುದಿಲ್ಲ. ಅರ್ಧ ಶತಮಾನದ ಹಿಂದಿನದು ಕೇಳಿದರೆ ಹೊತ್ತು ಸಹಿತ ಹೇಳುತ್ತಾರೆ.

"ಅಮ್ಮ, ನನ್ನ ಕೂದಲು ಮೊದಲು ಯಾವ ಬಣ್ಣ ಇತ್ತು?"

"ಜೇನುತುಪ್ಪ" ಎಂದರು ಅತ್ತೆ, ಒಂದಿಷ್ಟೂ ಯೋಚಿಸದೆ.

"ಜೇನುತುಪ್ಪಾನಾ?"

"ಅಪ್ಪಟ ಜೇನುತುಪ್ಪ ಕಣೋ ಮಗಾ. ಬಿಸಿಲಿಗೆ ಹಿಡಿದ್ರೆ ಹೊಳೀತಿತ್ತು. ನೋಡಿದೋರೆಲ್ಲ ದೃಷ್ಟಿ ಹಾಕಿಬಿಟ್ರು."

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ನನಗೆ ಗೊತ್ತಿತ್ತು. ಹೆಗ್ಗಣದ ಬಣ್ಣವೂ ಮುದ್ದಾಗುತ್ತದೆ ಎಂಬುದು ಅವತ್ತು ಗೊತ್ತಾಯಿತು. ಅತ್ತೆ ಹೇಳುತ್ತಿದ್ದದ್ದು ಮೂರು ತಿಂಗಳ ಮಗುವಿನ ಕೂದಲಿನ ವಿಷಯ. ಆ ವಯಸ್ಸಿನಲ್ಲಿ ನಮ್ಮವರಿಗೆ ಹಲ್ಲೂ ಇರಲಿಲ್ಲ. ಅದನ್ನೂ ವಾಪಸು ತರುತ್ತಾರೇನೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಸಂಜೆ ಅವರು ಕ್ಷೌರದಂಗಡಿಗೂ ಹೋಗಿ ಬಂದರಂತೆ. ಕ್ಷೌರಿಕ ಆಮೇಲೆ ನನಗೆ ಹೇಳಿದ:

"ಅಕ್ಕಾ, ನಾನು ಬಿಡಿಸಿ ಹೇಳ್ದೆ. ಡೈ ಕೂದಲು ಕತ್ತರಿಸ್ತಾ ಹೋಗೋಣ, ಹೊಸದು ಬೆಳೀಲಿ, ಆರು ತಿಂಗಳು ಬಿಡಿ ಅಂದೆ. ಶನಿವಾರ ಬೇಕು ಅಂದ್ರು. ಕೂದಲೇನು ಬಸ್ಸಾ ಅಕ್ಕಾ, ಟೈಮ್ ನೋಡ್ಕೊಂಡು ಬರೋಕೆ?"

ಗುರುವಾರ ನಮ್ಮವರು ಅಂಗಡಿಗೆ ಜ್ವರ ಎಂದು ಹೇಳಿಕಳಿಸಿ ಬಚ್ಚಲು ಸೇರಿ ಬಾಗಿಲು ಹಾಕಿಕೊಂಡರು. ಕೈಯಲ್ಲಿ ಬಣ್ಣ ತೆಗೆಯುವ ಪುಡಿಯ ಪೊಟ್ಟಣ ಮೂರು, ಎರಡಿಂಚಿನ ಹೊಸ ಬ್ರಷ್ಷು ಒಂದು.

"ಬ್ರಷ್ ಯಾಕಪ್ಪ ಅಷ್ಟು ದೊಡ್ಡದು?" ಎಂದಳು ಮಗಳು ಹೊರಗಿನಿಂದ.

"ಸರ್ಫೇಸ್ ದೊಡ್ಡದಿದೆ."

"ಪೊಟ್ಟಣದ ಮೇಲೆ ಏನು ಬರೆದಿದೆ ಓದಿದ್ಯಾ? ಒಂದೇ ಸಲ, ಇಪ್ಪತ್ತು ನಿಮಿಷ, ಆಮೇಲೆ ತೊಳೀಬೇಕು."

"ಅದು ಗೊತ್ತಿಲ್ಲದೋರಿಗೆ ಬರೆದಿರೋದು ಕಣಮ್ಮ. ಹಳೇ ಕೋಟ್ ಪೂರ್ತಿ ಎಬ್ಬಿಸದೆ ಹೊಸ ಕೋಟ್ ಹಚ್ಚೋನು ಕೆಲಸಗಾರನೇ ಅಲ್ಲ. ಇಪ್ಪತ್ತನಾಲ್ಕು ವರ್ಷದ ಕೋಟ್ ಇದು!"

"ಅಪ್ಪ, ಅದು ಬಾಗಿಲಲ್ಲ, ತಲೆ!"

"ಎರಡಕ್ಕೂ ಒಂದೇ ವಿಧಾನ."

ಮೂರು ಪೊಟ್ಟಣಗಳನ್ನು ಮೂರು ಕೋಟಾಗಿ ಹಚ್ಚಿದರು. ಕೋಟಿಗೂ ಕೋಟಿಗೂ ನಡುವೆ ಒಣಗಲು ಬಿಟ್ಟರು. ನಾನು ಎರಡು ಸಲ ಬಾಗಿಲು ಬಡಿದೆ. "ರೀ, ಉರಿಯುತ್ತಾ?" ಎಂದೆ. "ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ" ಎಂದರು. ಕಣ್ಣಲ್ಲಿ ನೀರು ಬಂದದ್ದು ದನಿಯಲ್ಲೇ ಗೊತ್ತಾಗುತ್ತಿತ್ತು.

ಬಾಗಿಲು ತೆರೆದಾಗ ಮನೆಯವರೆಲ್ಲ ನಡುಮನೆಯಲ್ಲಿದ್ದೆವು. ಬುಡದಲ್ಲಿ ಒಣಹುಲ್ಲಿನ ಹಳದಿ, ನಡುವಿನಲ್ಲಿ ಹೆಂಚಿನ ಕೆಂಪು, ತುದಿಯಲ್ಲಿ ಬಿಡಲೊಲ್ಲದ ಹಳೇ ಕಪ್ಪು. ಥಿನ್ನರಿನಲ್ಲಿ ನೆನೆಸಿಡಲು ಮರೆತ ಬ್ರಷ್ಷಿನ ಹಾಗೆ ಕೂದಲೆಲ್ಲ ಸೆಟೆದು ನಿಂತಿತ್ತು.

"ಜೇನುತುಪ್ಪ!" ಎಂದರು ಅತ್ತೆ ಸಂತೋಷದಿಂದ. "ನಾನು ಹೇಳ್ಲಿಲ್ವಾ?" ಆಮೇಲೆ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. "ಯಾರಿದು?" ಎಂದು ನನ್ನನ್ನು ಕೇಳಿದರು.

"ಇದು ಬರೀ ಹದ ಮಾಡಿರೋದು" ಎಂದರು ನಮ್ಮವರು, ತಲೆ ಮುಟ್ಟಿಕೊಳ್ಳದೆ. "ಫಿನಿಶಿಂಗ್ ನಾಳೆ."

ಶುಕ್ರವಾರ ಬೆಳಗ್ಗೆ ಫಿನಿಶಿಂಗ್ ನಡೆಯಿತು. ಜೇನು ಬಣ್ಣದ ಪೊಟ್ಟಣ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ತಿಳಿ ಕಂದು ಎಂದು ಬರೆದದ್ದನ್ನು ತಂದು ಹಚ್ಚಿದರು. ಆ ಕಂದಿನಲ್ಲಿ ಎಲ್ಲೋ ಒಂದಿಷ್ಟು ನೀಲಿ ಅಡಗಿತ್ತು. ತಲೆಯಲ್ಲಿ ಹಳದಿ ಕಾದು ಕುಳಿತಿತ್ತು. ಹಳದಿಗೆ ನೀಲಿ ಬಿದ್ದರೆ ಏನಾಗುತ್ತದೆ ಎಂಬುದು ಒಂದನೇ ತರಗತಿಯ ಮಕ್ಕಳಿಗೂ ಗೊತ್ತು. ಬಣ್ಣದಲ್ಲೇ ಬದುಕಿದ ಮನುಷ್ಯನಿಗೆ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇಲ್ಲಿ ಬುಡದಲ್ಲಿ ಹಸಿರು.

ತಲೆ ಒಣಗಿಸಲು ಹಿತ್ತಲಿಗೆ ಹೋದವರನ್ನು ಪಕ್ಕದ ಮನೆಯ ಹೆಡ್‌ಮಿಸ್ಟ್ರೆಸ್ ಮೇಡಂ ಕಾಂಪೌಂಡಿನ ಆಚೆಯಿಂದ ನೋಡಿದರು. ಅವರು ನಿವೃತ್ತರಾಗಿ ಎಂಟು ವರ್ಷವಾಗಿದೆ. ಬೀದಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಅವರನ್ನು ಕಂಡರೆ ಎಲ್ಲರೂ ನೆಟ್ಟಗೆ ನಿಲ್ಲುತ್ತೇವೆ. ಅವರ ಕೋಣೆಯ ಗೋಡೆಗೆ ತೇವ ಹತ್ತಿ ತೇಪೆ ಹಾಕಿಸಿದ್ದರು. ತೇಪೆಗೆ ಹೊಂದುವ ಬಣ್ಣ ಬೆರೆಸಿಕೊಡುತ್ತೇನೆಂದು ನಮ್ಮವರು ಮಾತು ಕೊಟ್ಟಿದ್ದರು.

"ಏನ್ರೀ ಶೇಡಪ್ಪ, ತಲೆಗೆ ಪಾಚಿ ಕಟ್ಟಿದೆಯಲ್ರೀ."

"ಒಣಗಲಿ ಮೇಡಂ, ಆಮೇಲೆ ಮಾತಾಡಿ" ಎಂದರು ನಮ್ಮವರು, ಅಭ್ಯಾಸಬಲದಿಂದ.

"ಒಣಗಿದೆ ಕಣ್ರೀ. ಒಣಗಿ ಬಿರುಕೂ ಬಿಟ್ಟಿದೆ." ಮೇಡಂ ಕನ್ನಡಕ ಸರಿಮಾಡಿಕೊಂಡು ಇನ್ನೂ ಹತ್ತಿರ ಬಂದರು. "ನನ್ನ ಗೋಡೆಗೆ ಇದೇ ಹಚ್ಚಬೇಕು ಅಂತಿದ್ರೆ ಈಗಲೇ ಹೇಳಿಬಿಡಿ. ನಾನು ಬೇರೆ ಕೋಣೆಗೆ ಹೋಗ್ತೀನಿ."

ಹಸಿರನ್ನು ಕೊಲ್ಲಬೇಕಾದರೆ ಕೆಂಪು ಹಾಕಬೇಕು ಎಂಬುದು ಅಂಗಡಿಯ ನಿಯಮ. ಮಧ್ಯಾಹ್ನ ಕೆಂಪು ಹಾಕಿದರು. ಅಂಗಡಿಯ ಡಬ್ಬದಲ್ಲಾದರೆ ಕೋಲು ಹಾಕಿ ಕದಡಬಹುದು. ತಲೆಯಲ್ಲಿ ಕದಡಲು ಬರುವುದಿಲ್ಲ. ಕೆಂಪು ಕೆಲವು ಕಡೆ ಹಸಿರನ್ನು ಕೊಂದಿತು, ಕೆಲವು ಕಡೆ ಹಸಿರಿನ ಜೊತೆ ರಾಜಿಯಾಯಿತು, ಬಲಗಿವಿಯ ಮೇಲೆ ಇಬ್ಬರೂ ಸೇರಿ ಮೂರನೆಯದೇನನ್ನೋ ಹುಟ್ಟಿಸಿದರು. ಮಗಳು ಇನ್ನೊಂದು ಪೊಟ್ಟಣವನ್ನು ಕಿತ್ತುಕೊಂಡು ನನ್ನ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳು.

"ಅಪ್ಪ, ಇನ್ನೊಂದು ಕೋಟ್ ಹಚ್ಚಿದ್ರೆ ಕೋಟ್ ಉಳಿಯುತ್ತೆ, ಗೋಡೆ ಉಳಿಯಲ್ಲ."

ಅವರು ಮಂಚದ ಅಂಚಿಗೆ ಕುಳಿತು ಬಾಚಣಿಗೆಯನ್ನು ನೋಡುತ್ತಿದ್ದರು. ಬಾಚಣಿಗೆಯಲ್ಲಿ ಸಾಕಷ್ಟು ಕೂದಲಿತ್ತು. "ನಾಳೆ ಎಲ್ಲರೂ ನಗ್ತಾರೆ ಕಣೆ" ಎಂದರು ಮೆಲ್ಲಗೆ. "ತನ್ನ ತಲೆಯ ಶೇಡ್ ಹಿಡಿಯೋಕೆ ಬಾರದೋನು ನಮ್ಮ ಗೋಡೇದು ಏನು ಹಿಡೀತಾನೆ ಅಂತಾರೆ. ಮೆಷಿನ್ ಆನ್ ಮಾಡೋದೂ ಬೇಡ."

ಅವರ ತಲೆಗೆ ಒಂದಿಷ್ಟು ಎಣ್ಣೆ ಹಚ್ಚಿದೆ. ಅದು ಎಲ್ಲ ಹೀರಿಕೊಂಡು ಇನ್ನೂ ಕೇಳಿತು.

ಶನಿವಾರ ಬೆಳಗ್ಗೆ ಕಿವಿ ಮುಚ್ಚುವವರೆಗೂ ಉಣ್ಣೆ ಟೋಪಿ ಎಳೆದುಕೊಂಡು ಹೊರಟೇಬಿಟ್ಟರು. ಅವಸರದಲ್ಲಿ ಕನ್ನಡಕ ಮೇಜಿನ ಮೇಲೇ ಉಳಿಯಿತು. ಕನ್ನಡಕವಿಲ್ಲದೆ ಅವರಿಗೆ ಗಿಳಿಹಸಿರೂ ಬಾಟಲಿಹಸಿರೂ ಒಂದೇ. ಒಲೆ ಆರಿಸಿ, ಕನ್ನಡಕ ತೆಗೆದುಕೊಂಡು ನಾನು ಹಿಂದೆಯೇ ಓಡಿದೆ. ಗೇಟಿನಲ್ಲಿ ಮೇಡಂ ಸಿಕ್ಕರು. ಅವರ ಕೈಯಲ್ಲಿ ತಮ್ಮ ಗೋಡೆಯ ಚಕ್ಕೆ, ಕಾಗದದಲ್ಲಿ ಸುತ್ತಿದ್ದು. ಅದೇ ಪರೀಕ್ಷೆಯ ಸ್ಯಾಂಪಲ್ ಎಂದು ಸಾಹುಕಾರರು ತೀರ್ಮಾನಿಸಿದ್ದರಂತೆ.

ನಾವು ಹೋಗುವಷ್ಟರಲ್ಲಿ ಅಂಗಡಿಯ ಮುಂದೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಹೆಚ್ಚಿನವರು ಪೇಂಟರುಗಳು, ಏಣಿ ಹೊರಗೆ ಒರಗಿಸಿ ಬಂದವರು. ಕೌಂಟರಿನ ಮೇಲೆ ಯಂತ್ರ ಬಿಳಿಯಾಗಿ, ಮೌನವಾಗಿ, ದೊಡ್ಡ ಆಫೀಸರರ ಹಾಗೆ ಕುಳಿತಿತ್ತು. ಅದರ ಪಕ್ಕ ಕಂಪನಿಯವನು ಅದರ ಪರವಾಗಿ ಮಾತಾಡುತ್ತಿದ್ದ.

"ಹದಿನಾರು ಸಾವಿರ ಶೇಡ್ ಗುರುತಿಸುತ್ತೆ ಸರ್. ಎಲೆ ಇಡಿ, ಬಟ್ಟೆ ಇಡಿ, ಇಟ್ಟಿಗೆ ಇಡಿ. ಪ್ರಪಂಚದಲ್ಲಿ ಏನಿಟ್ರೂ ಒಂದೇ ನಿಮಿಷ."

"ಏನಿಟ್ರೂನಾ?" ಎಂದರು ಸಾಹುಕಾರರು. ದೊಡ್ಡ ಹೊಟ್ಟೆಯ, ಅನುಮಾನದ ಮನುಷ್ಯ. ಯಂತ್ರದ ಮೇಲೂ ಅನುಮಾನ, ಮನುಷ್ಯರ ಮೇಲೂ ಅನುಮಾನ.

"ಏನಿಟ್ರೂ ಸರ್."

"ಶೇಡಪ್ಪ, ಬಾರಯ್ಯ ಮುಂದೆ. ಇದೇನಿದು ಈ ಸೆಖೆಯಲ್ಲಿ ಟೋಪಿ?"

"ಜ್ವರ ಸಾಹುಕಾರ್ರೇ."

"ಜ್ವರಕ್ಕೆ ಗಾಳಿ ಬೇಕಯ್ಯ" ಎಂದು ಸಾಹುಕಾರರು ತಾವೇ ಕೈಯಿಟ್ಟು ಟೋಪಿ ಎಳೆದರು.

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಅದು ನಗುವಿನ ಗಡಿ ದಾಟಿದ ತಲೆಯಾಗಿತ್ತು. ಒಬ್ಬ ಪೇಂಟರು ತನ್ನ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಸಾಹುಕಾರರು ನಮ್ಮವರ ಸುತ್ತ ಒಂದು ಸುತ್ತು ಬಂದರು. ಅವರ ಮುಖದ ಮೇಲೆ ಏನೋ ನಿಧಾನವಾಗಿ ಬೆಳಗತೊಡಗಿತು.

"ಎಲಾ ಇವನ! ಎರಡು ದಿನ ಜ್ವರ ಅಂತ ಹೇಳಿ ಮನೇಲಿ ಕೂತು ಇದನ್ನ ತಯಾರು ಮಾಡ್ತಿದ್ದೆಯಾ? ಬುಡಕ್ಕೊಂದು, ನಡುವಿಗೊಂದು, ತುದಿಗೊಂದು! ಏನು ತಲೆ! ಏನು ತಲೆ ಅಯ್ಯಾ ನಿಂದು!"

"ಸಾಹುಕಾರ್ರೇ, ಅದು..." ಎಂದರು ನಮ್ಮವರು.

"ಸುಮ್ನಿರು, ಏನೂ ಹೇಳ್ಬೇಡ, ಅವನಿಗೆ ಗೊತ್ತಾಗೋದು ಬೇಡ." ಸಾಹುಕಾರರು ಕಂಪನಿಯವನ ಕಡೆ ತಿರುಗಿದರು. "ಮೇಡಂ ಅವರ ಗೋಡೆ ಆಮೇಲೆ. ಏನಿಟ್ರೂ ಅಂದ್ಯಲ್ಲ? ತಗೋ, ಇದನ್ನ ಹಿಡಿ."

"ಸರ್, ಇದು ತಲೆ ಸರ್!"

"ತಲೆ ಪ್ರಪಂಚದಲ್ಲಿ ಇಲ್ವಾ?" ಎಂದರು ಮೇಡಂ ಹಿಂದಿನಿಂದ. ಕಂಪನಿಯವನು ನೆಟ್ಟಗೆ ನಿಂತ.

"ಇದು ಮೋಸ ಸರ್. ಮೆಷಿನ್ನಿಗೆ ಕಷ್ಟ ಕೊಡೋಕೆ ಅಂತಲೇ ಅಜ್ಜ ಇದನ್ನ ಮಾಡ್ಕೊಂಡು ಬಂದಿದ್ದಾರೆ."

ಮೋಸ ಎಂಬುದು ನಮ್ಮವರಿಗೆ ನಾಟಲಿಲ್ಲ. ಅಜ್ಜ ಎಂಬುದು ನಾಟಿತು. ಅವರು ಕುತ್ತಿಗೆ ನೆಟ್ಟಗೆ ಮಾಡಿ, ಸ್ಟೂಲಿನ ಮೇಲೆ ಕುಳಿತು, ತಲೆಯನ್ನು ಕೌಂಟರಿನ ಕಡೆಗೆ ಬಾಗಿಸಿ, "ಹಿಡಿಯಪ್ಪ" ಎಂದರು.

ಯಂತ್ರದ ಕಣ್ಣನ್ನು ಅವರ ನೆತ್ತಿಗೆ ಒತ್ತಿದರು. ಅದು ಟಕ್ ಎಂದು ಪರದೆಯ ಮೇಲೆ 'ಸಂಜೆಯ ಮರಳು' ಎಂದು ಬರೆಯಿತು. ಅದೇ ಜಾಗಕ್ಕೆ ಇನ್ನೊಮ್ಮೆ ಒತ್ತಿದರು. 'ಎಳೆ ಪಾಚಿ' ಎಂದಿತು. ಮೂರನೇ ಸಲ ಬಹಳ ಹೊತ್ತು ಯೋಚಿಸಿ, 'ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ' ಎಂದಿತು. ಮದುವೆಯಾದ ಈ ಇಪ್ಪತ್ತನಾಲ್ಕು ವರ್ಷಗಳಲ್ಲಿ ಆ ತಲೆಯ ವಿಷಯದಲ್ಲಿ ನನಗೂ ಎಷ್ಟೋ ಸಲ ಹಾಗೆಯೇ ಅನಿಸಿದೆ. ಯಂತ್ರದ ಮೇಲೆ ನನಗೆ ಸ್ವಲ್ಪ ಅಕ್ಕರೆ ಹುಟ್ಟಿತು.

ಕಂಪನಿಯವನು ಬೆವರು ಒರೆಸಿಕೊಂಡು, ಒಂದೇ ಜಾಗ ಸಾಕು, ನಡುವಿನ ಭಾಗ ಹಿಡಿಯೋಣ ಎಂದ. ಸಾಹುಕಾರರು ಒಪ್ಪಿದರು. ಯಂತ್ರ ನಡುವಿನ ಭಾಗವನ್ನು ನೋಡಿತು, ಗುಂಯ್ ಎಂದಿತು, ಒಂದು ಸಣ್ಣ ಡಬ್ಬ ಬಣ್ಣವನ್ನು ಹೊರಗೆ ಕೊಟ್ಟಿತು. ಹಲಗೆಗೆ ಬಳಿದು ನೋಡಿದರು. ಹೆಂಚಿನ ಕೆಂಪು, ಸ್ವಲ್ಪ ಮಣ್ಣು, ಎಲ್ಲೋ ಒಂದೆಳೆ ಹಸಿರು. ಥೇಟು ನಮ್ಮವರ ತಲೆ. ಪೇಂಟರುಗಳು ಚಪ್ಪಾಳೆ ತಟ್ಟಿದರು. ನನ್ನ ಎದೆಯಲ್ಲಿ ಒಂದು ಪುಟ್ಟಿ ಮೂಟೆ ಬಿದ್ದ ಹಾಗಾಯಿತು.

"ಈಗ ನೀನು, ಶೇಡಪ್ಪ."

ಅಲ್ಲೇ ತೊಡಕು. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ನೆತ್ತಿಯ ಹುಣ್ಣಿಗೆ ಬೇಕು. ನಮ್ಮವರಿಗೆ ತಮ್ಮ ತಲೆ ಕಾಣುವುದು ಹೇಗೆ? ಅಂಗಡಿಯ ಕನ್ನಡಿಯ ಮೇಲೆ ಇಪ್ಪತ್ತು ವರ್ಷದ ಬಣ್ಣದ ಸಿಡಿತವಿತ್ತು. ಅದರಲ್ಲಿ ನೋಡಿದರೆ ಯಾರಿಗಾದರೂ ಸಿಡುಬು ಬಂದ ಹಾಗೆ ಕಾಣುತ್ತಿತ್ತು.

"ಸ್ಯಾಂಪಲ್ ಕೈಗೆ ಬೇಕು" ಎಂದು ಅವರು ನಡುವಿನ ಒಂದು ಗೊಂಚಲನ್ನು ಹಿಡಿದರು. ಯಾರೋ ಕತ್ತರಿ ತರಲು ಓಡಿದರು. ಕತ್ತರಿ ಬೇಕಾಗಲಿಲ್ಲ. ಹಿಡಿದದ್ದಷ್ಟೇ, ಗೊಂಚಲು ಒಣ ಕಡ್ಡಿಯ ಹಾಗೆ ಮುರಿದು ಕೈಗೆ ಬಂತು.

"ಅಯ್ಯೋ" ಎಂದೆ ನಾನು.

ಆಗ ಅವರು ನನ್ನನ್ನು ಕಂಡರು. ನಾನು ಜನರ ನಡುವೆ ನುಗ್ಗಿಹೋಗಿ ಕನ್ನಡಕ ಕೊಟ್ಟೆ. ಹಾಕಿಕೊಂಡರು. ಗೊಂಚಲನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದರು, ನೆರಳಿಗೆ ಹಿಡಿದರು, ಮೂಸಿದರು. ಮೂಸಿದಾಗ ಮಾತ್ರ ಮುಖ ಹಿಂಡಿಕೊಂಡರು. ಆಮೇಲೆ ಅವರ ಕೈ ಓಡಾಡತೊಡಗಿತು. ಬಿಳಿ, ಹಳದಿ, ಕೆಂಪು, ಒಂದು ತೊಟ್ಟು ಕಪ್ಪು, ಮತ್ತೆ ಕಡ್ಡಿಯ ತುದಿಯಲ್ಲಿ ಇಷ್ಟೇ ಇಷ್ಟು ಹಸಿರು. ಆ ಹಸಿರು ಎಷ್ಟಿದೆ ಎಂಬುದು ಪ್ರಪಂಚದಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಅದನ್ನು ಕೊಲ್ಲಲು ಒಂದು ಮಧ್ಯಾಹ್ನವಿಡೀ ಹೋರಾಡಿದವರಲ್ಲವೇ? ಕದಡಿದರು. ಹೆಬ್ಬೆರಳಿನ ಉಗುರಿಗೆ ಹಚ್ಚಿ ಊದಿದರು. ಹಲಗೆಗೆ ಬಳಿದರು.

ಯಂತ್ರದ ಬಣ್ಣದ ಪಕ್ಕದಲ್ಲಿ ಅದು ಪೇಲವವಾಗಿ, ಹಾಲು ಬೆರೆಸಿದ ಹಾಗೆ ಕಂಡಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಂಪನಿಯವನು ಕೈ ಉಜ್ಜಿಕೊಂಡ.

"ತಿಳಿ ಆಯ್ತಲ್ಲ ಅಜ್ಜಾ."

"ಒಣಗಲಿ" ಎಂದರು ನಮ್ಮವರು, ಬಹಳ ಸಣ್ಣ ದನಿಯಲ್ಲಿ.

"ಇನ್ನೇನು ಒಣಗೋದು ಸರ್, ಎದುರಿಗೇ ಕಾಣ್ತಿದೆಯಲ್ಲ. ಆರ್ಡರ್ ಬುಕ್..."

"ಒಣಗಲಿ ಅಂದ್ರಲ್ಲ" ಎಂದರು ಮೇಡಂ. "ಎಲ್ಲರೂ ಬಾಯಿ ಮುಚ್ಚಿ ಕೂತ್ಕೊಳ್ಳಿ."

ಮೂವತ್ತು ಜನ ಬಾಯಿ ಮುಚ್ಚಿ, ಸಿಕ್ಕಸಿಕ್ಕ ಡಬ್ಬಗಳ ಮೇಲೆ ಕುಳಿತರು. ಸಾಹುಕಾರರೂ ಕುಳಿತರು. ಬಣ್ಣ ಒಣಗುವುದನ್ನು ಅಷ್ಟು ಜನ ಅಷ್ಟು ಶ್ರದ್ಧೆಯಿಂದ ನೋಡಿದ್ದು ಅದೇ ಮೊದಲಿರಬೇಕು. ಮುಕ್ಕಾಲು ಗಂಟೆಯಾಯಿತು. ನನಗೆ ಮನೆಯಲ್ಲಿ ನೆನೆಹಾಕಿದ ಬಟ್ಟೆಯ ನೆನಪಾಗುತ್ತಿತ್ತು, ಆದರೂ ಏಳಲಾಗಲಿಲ್ಲ. ಹಲಗೆಯ ಮೇಲೆ ಎರಡು ಬಣ್ಣಗಳೂ ಒಂದಿಷ್ಟೊಂದಿಷ್ಟೇ ಗಾಢವಾಗುತ್ತ ಹೋದವು. ನಮ್ಮವರ ಪೇಲವ ಬಣ್ಣ ಮೇಲೇಳುತ್ತ ಮೇಲೇಳುತ್ತ ಗೊಂಚಲಿನ ಬಣ್ಣಕ್ಕೆ ಬಂದು ನಿಂತಿತು. ಹಸಿಯಲ್ಲಿ ಸರಿಯಾಗಿದ್ದ ಯಂತ್ರದ ಬಣ್ಣ ಅಲ್ಲಿಗೆ ನಿಲ್ಲದೆ ಸುಟ್ಟ ಇಟ್ಟಿಗೆಯ ಕಡೆಗೆ ನಡೆದುಹೋಯಿತು.

ಸಾಹುಕಾರರು ಮುರಿದ ಗೊಂಚಲನ್ನು ಎತ್ತಿ ನಮ್ಮವರ ಬಣ್ಣದ ಮೇಲಿಟ್ಟರು. ಗೊಂಚಲು ಕಾಣಲಿಲ್ಲ. ಹುಡುಕಿ ತೆಗೆಯಬೇಕಾಯಿತು.

"ಸರ್, ಒಣಗಿದ ಮೇಲಿನ ಲೆಕ್ಕ ಹಾಕಬೇಕಾದ್ರೆ ಮೆಷಿನ್ನಿಗೆ ಮೊದಲೇ ಹೇಳ್ಬೇಕಿತ್ತು ಸರ್, ಅದಕ್ಕೊಂದು ಬಟನ್ ಇದೆ" ಎಂದ ಕಂಪನಿಯವನು.

"ಇವನಿಗೆ ಯಾರೂ ಹೇಳ್ಲಿಲ್ಲವಲ್ಲಯ್ಯ" ಎಂದರು ಸಾಹುಕಾರರು. "ಬಟನ್ನೂ ಇಲ್ಲ."

ಕೌಂಟರಿನ ಸ್ಟೂಲು ನಮ್ಮವರಿಗೇ ಉಳಿಯಿತು. ಯಂತ್ರವೂ ಉಳಿಯಿತು, ಬಿಳಿ ಬಣ್ಣ ಮತ್ತು ಕೆನೆ ಬಣ್ಣ ಕೇಳುವವರಿಗಾಗಿ. ನಮ್ಮವರು ಊಟದ ಡಬ್ಬಿಯನ್ನು ಈಗ ಅದರ ಮೇಲೆ ಇಡುತ್ತಾರೆ, ಬೆಚ್ಚಗಿರುತ್ತದಂತೆ. ಮೇಡಂ ತಮ್ಮ ಗೋಡೆಗೆ ಅವರೇ ಬೆರೆಸಬೇಕೆಂದು ಹೇಳಿ ಚಕ್ಕೆ ಕೊಟ್ಟು ಹೋದರು, ತಲೆಯನ್ನು ಮಾತ್ರ ದೂರ ಇಟ್ಟುಕೊಳ್ಳಿ ಎಂದು ಎಚ್ಚರಿಸಿದರು. ಮುರಿದ ಗೊಂಚಲನ್ನು ಅಂಗಡಿಯ ಸ್ಯಾಂಪಲ್ ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸಿದ್ದಾರೆ. ಆ ಬಣ್ಣವನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ.

ಅವತ್ತೇ ಸಂಜೆ ಕ್ಷೌರಿಕ ಆ ತಲೆಯನ್ನು ನುಣ್ಣಗೆ ಮಾಡಿದ. ಕೆಳಗೆ ಬಿದ್ದದ್ದನ್ನು ಗುಡಿಸುವಾಗ ಕೈಗವಸು ಹಾಕಿಕೊಂಡನಂತೆ. ಅವತ್ತಿನಿಂದ ನಮ್ಮವರು ಕನ್ನಡಿಯ ಮುಂದೆ ನಿಲ್ಲುವುದನ್ನು ಬಿಟ್ಟರು. ಕಣ್ಣು ಮುಚ್ಚಿ ಮುಖ ತೊಳೆದು ಟೋಪಿ ಹಾಕಿಕೊಳ್ಳುತ್ತಿದ್ದರು. ಗೆದ್ದವರ ಹಾಗೆ ಕಾಣುತ್ತಿರಲಿಲ್ಲ. ಏನು ಬೆಳೆಯುತ್ತಿದೆಯೋ ಎಂಬ ಭಯ ಅವರಿಗೆ.

ಆರು ವಾರ ಕಳೆದ ಮೇಲೆ ಒಂದು ಭಾನುವಾರ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಅವರು ಬಂದು ಹಳೇ ಜಾಗದಲ್ಲೇ ಸ್ಟೂಲು ಹಾಕಿ, ನನಗೆ ಬೆನ್ನು ಮಾಡಿ ಕುಳಿತು ಟೋಪಿ ತೆಗೆದರು. ಡೈ ಹಚ್ಚುವ ಭಾನುವಾರಗಳಲ್ಲಿ ಕೂರುತ್ತಿದ್ದ ಹಾಗೆಯೇ.

"ಲೇ, ಒಂದು ಮಾತು ಕೇಳ್ತೀನಿ. ಇಷ್ಟು ವರ್ಷ ಬುಡಬುಡಕ್ಕೆ ಹಚ್ಚಿದೋಳು ನೀನು. ಹಚ್ಚೋಕೆ ಮುಂಚೆ ಬುಡ ಯಾವ ಬಣ್ಣ ಇರ್ತಿತ್ತು ಅಂತ ನೀನು ನೋಡಿರ್ಬೇಕಲ್ವಾ?"

"ನೋಡದೆ ಹಚ್ಚೋಕಾಗುತ್ತಾ?"

"ಅಂದ್ರೆ ನಿನಗೆ ಗೊತ್ತಿತ್ತು?"

"ಹೂಂ."

"ಮತ್ತೆ ಹೇಳ್ಲೇ ಇಲ್ವಲ್ಲೇ! ಅಮ್ಮನ್ನ ಕೇಳ್ದೆ, ಕ್ಷೌರದೋನ ಹತ್ರ ಹೋದೆ, ಫೋಟೋ ಎಲ್ಲ ಹುಡುಕ್ದೆ..."

"ನನ್ನ ಕೇಳ್ಲಿಲ್ವಲ್ರೀ."

"ಈಗ ಕೇಳ್ತಿದ್ದೀನಿ" ಎಂದರು.

ನಾನು ಕೈ ತೊಳೆದುಕೊಂಡು ಹಿಂದೆ ಹೋಗಿ ನಿಂತೆ. "ಮದುವೆಯಾದ ವರ್ಷ ಕಬ್ಬಿಣದ ಬಾಣಲೆ ಇದ್ದ ಹಾಗಿತ್ತು, ಕಪ್ಪಂದ್ರೆ ಕಪ್ಪು. ಮಗಳು ಹುಟ್ಟಿ, ನೀವು ರಾತ್ರಿಯೆಲ್ಲ ಅವಳನ್ನ ಎತ್ಕೊಂಡು ತಿರುಗಿದ ವರ್ಷ ಪೆನ್ಸಿಲ್ ಸೀಸದ ಬಣ್ಣಕ್ಕೆ ಬಂತು. ಮಾವ ಹೋದಾಗ ನೀವು ಯಾರೆದುರಿಗೂ ಅಳ್ಲಿಲ್ಲ. ಮೂರೇ ವಾರದಲ್ಲಿ ಎಡಗಿವಿ ಹತ್ರ ಪೂರ್ತಿ ಬೆಳ್ಳಗಾಗಿತ್ತು. ಅಲ್ಲಿಗೆ ಅವತ್ತು ಎರಡು ಸಲ ಹಚ್ದೆ."

"ಈಗ?"

ಹತ್ತಿರದಲ್ಲೇ ಬೋರಲು ಹಾಕಿದ್ದ ಒಂದು ಹಳೇ ಸ್ಟೀಲ್ ಪಾತ್ರೆಯನ್ನು ತಂದು ಅವರ ತಲೆಯ ಪಕ್ಕ ಹಿಡಿದೆ. ತಿಕ್ಕಿ ತಿಕ್ಕಿ ಒಳಗೆಲ್ಲ ಮೆತ್ತನೆ ಬೂದಿ ಹೊಳಪು ಬಂದ ಪಾತ್ರೆ. ಶೇಡು ಹಿಡಿಯುವುದು ಅವರೊಬ್ಬರಿಗೇ ಬರುವ ವಿದ್ಯೆಯೇನಲ್ಲ.

"ಇದು" ಎಂದೆ. ಪಾತ್ರೆಯನ್ನು ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡರು. ಪಾತ್ರೆಯನ್ನು ಬಿಸಿಲಿಗೆ ಹಿಡಿದರು, ನೆರಳಿಗೆ ಹಿಡಿದರು, ಮೂಸಿದರು. "ಬಿಳಿಗೆ ಒಂದೂವರೆ ತೊಟ್ಟು ಕಪ್ಪು" ಎಂದು ಗೊಣಗಿಕೊಂಡರು. "ಅರ್ಧ ತೊಟ್ಟು ನೀಲಿ." ಟೋಪಿಯನ್ನು ಸ್ಟೂಲಿನ ಮೇಲೇ ಬಿಟ್ಟು ಪಾತ್ರೆಯ ಸಮೇತ ಮನೆಯೊಳಗೆ ಹೋದರು.

ಅರ್ಧ ಗಂಟೆಯ ಮೇಲೆ ಬಾಗಿಲ ಹತ್ತಿರದಿಂದ ಕರೆದರು. ಹೋಗಿ ನೋಡಿದರೆ, ಚೌಕಗಳ ಗೋಡೆಯ ಮೇಲೆ ಉಳಿದಿದ್ದ ಒಂದೇ ಒಂದು ಖಾಲಿ ಜಾಗದಲ್ಲಿ ಹೊಸ ಚೌಕ ಬಳಿದು, ತಲೆಯನ್ನು ಅದಕ್ಕೆ ತಾಗಿಯೂ ತಾಗದಷ್ಟು ಹತ್ತಿರ ಇಟ್ಟುಕೊಂಡು, ಫೋಟೋಗೆ ನಿಂತವರ ಹಾಗೆ ನಿಂತಿದ್ದರು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡುತ್ತಿದ್ದರು. ಕಾಂಪೌಂಡಿನ ಆಚೆ ಮೇಡಂ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು.

"ನೋಡಿ ಹೇಳೇ" ಎಂದರು, ಕತ್ತು ಅಲುಗಿಸದೆ. "ಸರಿಯಾಗಿದೆಯಾ? ತಿಳಿ ಆಯ್ತಾ?"

ಚೌಕ ಇನ್ನೂ ಹಸಿಯಾಗಿತ್ತು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ.

"ಒಣಗಲಿ" ಎಂದೆ. "ಆಮೇಲೆ ಬಂದು ಹೇಳ್ತೀನಿ."